ಗೆದ್ದ ಪೈಲ್ವಾನನ ಒಳಗಿನ ಹೆದರಿಕೆ

ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಚಿನುವ ಅಚಿಬೆ ಅವರ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಇಷ್ಟು ಕಾಗದ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಓದದೇ ಇರುವವರಿಗೆ ಕಥೆ ಹೇಳಿಬಿಡುತ್ತೇನೆ. ಇದು 1958ರಲ್ಲಿ ಬಂದ ಕಾದಂಬರಿ. ನೈಜೀರಿಯಾದ ಇಗ್ಬೊ ಜನರ ಊರು ಉಮೋಫಿಯ. ಅಲ್ಲಿನ ಒಕೊಂಕ್ವೊ ದೊಡ್ಡ ಪೈಲ್ವಾನ, ದೊಡ್ಡ ರೈತ, ಮೂವರು ಹೆಂಡಿರ ಗಂಡ. ಅವನ ಅಪ್ಪ ಉನೋಕ ಕೊಳಲು ಊದಿಕೊಂಡು, ಸಾಲ ಮಾಡಿಕೊಂಡು ಬದುಕಿದವನು. ಒಕೊಂಕ್ವೊ ತನ್ನ ಮನೆಯಲ್ಲೇ ಬೆಳೆದ ಒಬ್ಬ ಹುಡುಗನನ್ನು ಕಡಿಯುತ್ತಾನೆ. ಆಮೇಲೆ ಬಂದೂಕು ಸಿಡಿದು ಇನ್ನೊಬ್ಬ ಹುಡುಗ ಸತ್ತ ತಪ್ಪಿಗೆ ಏಳು ವರ್ಷ ತಾಯಿಯ ತವರೂರಿನಲ್ಲಿ ಇರಬೇಕಾಗುತ್ತದೆ. ವಾಪಸ್ ಬರುವಷ್ಟರಲ್ಲಿ ಊರಲ್ಲಿ ಬಿಳಿಯರ ಚರ್ಚು, ಕೋರ್ಟು ಎದ್ದಿರುತ್ತವೆ. ಕೊನೆಗೆ ಕೋರ್ಟಿನ ಜವಾನನನ್ನು ಕೊಂದು, ತಾನೂ ನೇಣು ಹಾಕಿಕೊಳ್ಳುತ್ತಾನೆ.

ಮೇಡಂ, ನಾನು ಬಿ.ಎ. ಕೊನೆ ವರ್ಷದಲ್ಲಿದ್ದೇನೆ. ನಮ್ಮದು ದುರ್ಗ. ‘ಒಕೊಂಕ್ವೊನ ದುರಂತಕ್ಕೆ ಭಯವೇ ಕಾರಣ’ ಅಂತ ಸೆಮಿನಾರಿಗೆ ವಿಷಯ ಕೊಟ್ಟಿದ್ದಾರೆ. ನನಗೆ ಒಪ್ಪಿಗೆ ಆಗ್ತಿಲ್ಲ. ಯುದ್ಧದಲ್ಲಿ ಐದು ತಲೆ ತಂದವನು ಹೆದರುಪುಕ್ಕ ಹೇಗಾಗ್ತಾನೆ? ನಮ್ಮ ಓಬವ್ವನ ಥರದ ಧೈರ್ಯವಂತ ಅಲ್ವಾ ಅವನು?
– ವಿದ್ಯಾರ್ಥಿನಿ, ಚಿತ್ರದುರ್ಗ

ನೋಡಮ್ಮ, ಒಪ್ಪಿಗೆ ಆಗದಿದ್ದರೆ ಒಪ್ಪಬೇಡ. ಆದರೆ ‘ಹೆದರುಪುಕ್ಕ’ ಅನ್ನುವ ಮಾತನ್ನು ಮೊದಲು ಪಕ್ಕಕ್ಕಿಡು. ಒಕೊಂಕ್ವೊಗೆ ಶತ್ರುವಿನ ಭಯ ಇಲ್ಲ. ಸಾವಿನ ಭಯವೂ ಇಲ್ಲ. ಹದಿನೆಂಟನೇ ವಯಸ್ಸಿಗೇ, ಏಳು ವರ್ಷ ಯಾರಿಗೂ ಸೋಲದ ಪೈಲ್ವಾನನನ್ನು ಚಿತ್ ಮಾಡಿದವನು ಅವನು. ಆ ಸೋತ ಪೈಲ್ವಾನನ ಅಡ್ಡಹೆಸರೇ ಬೆಕ್ಕು. ಯಾರು ಕೆಡವಿದರೂ ಅವನ ಬೆನ್ನಿಗೆ ಮಣ್ಣು ಹತ್ತುತ್ತಿರಲಿಲ್ಲ, ಅದಕ್ಕೆ ಆ ಹೆಸರು. ನಾನು ದಾವಣಗೆರೆಯಲ್ಲಿ ಹುಟ್ಟಿ ಬೆಳೆದವಳು. ದುಗ್ಗಮ್ಮನ ಜಾತ್ರೆಯ ಕುಸ್ತಿಗೆ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಒಬ್ಬ ಪೈಲ್ವಾನನ ಬೆನ್ನು ಮಣ್ಣಿಗೆ ತಾಗಿದಾಗ ಜನ ಹೇಗೆ ಕೂಗುತ್ತಾರೆ ಅಂತ ಗೊತ್ತು. ಕಾದಂಬರಿಯ ಮೊದಲ ಪುಟ ಓದಿದಾಗ ನನಗೆ ಆ ಕೂಗೇ ಕೇಳಿಸಿತು.

ಆದರೆ ಎರಡನೇ ಅಧ್ಯಾಯಕ್ಕೆ ಬಾ. ಅಲ್ಲಿ ಲೇಖಕರೇ ನೇರವಾಗಿ ಹೇಳಿಬಿಡುತ್ತಾರೆ. ಇವನ ಇಡೀ ಬದುಕನ್ನು ಆಳಿದ್ದು ಭಯ. ಸೋಲಿನ ಭಯ, ದುರ್ಬಲ ಅನ್ನಿಸಿಕೊಳ್ಳುವ ಭಯ. ದೆವ್ವ, ಮಾಟ, ಕಾಡು ಎಲ್ಲದರ ಭಯಕ್ಕಿಂತ ಆಳದ್ದು. ಅದು ಹೊರಗಿನದಲ್ಲ, ಒಳಗೇ ಕೂತದ್ದು. ಎಲ್ಲಿ ತಾನೂ ಅಪ್ಪನ ಹಾಗೆ ಆಗಿಬಿಡುತ್ತೇನೋ ಅನ್ನುವ ಭಯ.

ಅದು ಎಲ್ಲಿಂದ ಬಂತು? ಚಿಕ್ಕವನಿದ್ದಾಗ ಜೊತೆಯ ಹುಡುಗ ಒಬ್ಬ ‘ನಿಮ್ಮಪ್ಪ ಅಗ್ಬಾಲ’ ಅಂದ. ಅಗ್ಬಾಲ ಅಂದರೆ ಹೆಂಗಸು. ಊರಿನ ಬಿರುದು ಒಂದನ್ನೂ ಪಡೆಯದ ಗಂಡಸಿಗೂ ಅದೇ ಮಾತು ಅಂತ ಹುಡುಗನಿಗೆ ಆಗ ತಿಳಿಯಿತು. ಒಂದೇ ಒಂದು ಮಾತು. ಅದು ಮುಳ್ಳಿನ ಹಾಗೆ ಒಳಗೆ ಮುರಿದುಕೊಂಡಿತು. ಯಾರೂ ತೆಗೆಯಲಿಲ್ಲ.

ಅಪ್ಪ ಉನೋಕ ಎಂಥವನು ಅಂತ ತೋರಿಸುವ ಒಂದು ಪ್ರಸಂಗ ನನಗೆ ತುಂಬ ಇಷ್ಟ. ಪಕ್ಕದವನು ತಾನು ಸಾಲ ಕೊಟ್ಟ 200 ಕವಡೆ ವಾಪಸ್ ಕೇಳಲು ಬರುತ್ತಾನೆ. ಆಗ ಅಲ್ಲಿ ಕವಡೆಯೇ ದುಡ್ಡು. ಉನೋಕ ಬಿದ್ದು ಬಿದ್ದು ನಗುತ್ತಾನೆ. ಗೋಡೆ ತೋರಿಸುತ್ತಾನೆ. ಗೋಡೆ ಮೇಲೆ ಸೀಮೆಸುಣ್ಣದ ಗೆರೆಗಳು, ಗುಂಪು ಗುಂಪಾಗಿ. ಒಂದೊಂದು ಗುಂಪು ಒಬ್ಬೊಬ್ಬರ ಸಾಲ. ಒಂದೊಂದು ಗೆರೆಗೆ ನೂರು ಕವಡೆ. ‘ಮೊದಲು ದೊಡ್ಡ ಸಾಲ ತೀರಿಸ್ತೀನಿ, ಆಮೇಲೆ ನಿಂದು’ ಅನ್ನುತ್ತಾನೆ. ಓದುವ ನಮಗೆ ನಗು ಬರುತ್ತದೆ. ಅದೇ ಮನೆಯಲ್ಲಿ, ಅದೇ ಗೋಡೆ ನೋಡಿಕೊಂಡು ಬೆಳೆಯುವ ಮಗನಿಗೆ ಎಲ್ಲಿಂದ ನಗು ಬರಬೇಕು?

ಹಾಗಾಗಿ ಒಕೊಂಕ್ವೊ ಒಂದು ತೀರ್ಮಾನ ಮಾಡಿಕೊಂಡ. ಅಪ್ಪ ಏನೇನನ್ನು ಪ್ರೀತಿಸುತ್ತಿದ್ದನೋ ಅದನ್ನೆಲ್ಲ ದ್ವೇಷಿಸಬೇಕು. ಅಪ್ಪನಲ್ಲಿ ಸೋಮಾರಿತನ ಇತ್ತು, ಸರಿ. ಆದರೆ ಮೃದುತನವೂ ಇತ್ತು, ಹಾಡು ಇತ್ತು, ನಗು ಇತ್ತು. ಇವನು ರಾಶಿ ತೂರುವಾಗ ಹೊಟ್ಟಿನ ಜೊತೆ ಕಾಳನ್ನೂ ಗಾಳಿಗೆ ಬಿಟ್ಟ. ಸೆಮಿನಾರಿನಲ್ಲಿ ನೀನು ಇದೊಂದನ್ನು ಚೆನ್ನಾಗಿ ವಿವರಿಸಿದರೂ ಸಾಕು.

ಈ ಭಯ ಮೈಯಲ್ಲೂ ಕಾಣುತ್ತದೆ. ನಡೆಯುವಾಗ ಅವನ ಹಿಮ್ಮಡಿ ನೆಲಕ್ಕೆ ಸರಿಯಾಗಿ ತಾಗುವುದಿಲ್ಲ, ಯಾರ ಮೇಲೋ ಎಗರಲು ಹೊರಟವನ ಹಾಗೆ. ಸ್ವಲ್ಪ ಉಗ್ಗು ಬೇರೆ. ಸಿಟ್ಟು ಬಂದಾಗ ಮಾತು ಹೊರಡದಿದ್ದರೆ ಕೈ ಹೊರಡುತ್ತದೆ. ಗಂಟಲಲ್ಲಿ ಸಿಕ್ಕಿಕೊಂಡ ಮಾತೆಲ್ಲ ಮುಷ್ಟಿಗೆ ಇಳಿಯುತ್ತದೆ.

ಈಗ ಆ ಹುಡುಗನ ವಿಷಯ. ಇಕೆಮೆಫುನ. ಬೇರೆ ಊರಿನವರು ಒಂದು ಕೊಲೆಯ ದಂಡವಾಗಿ ಒಪ್ಪಿಸಿದ ಹುಡುಗ. ಒಕೊಂಕ್ವೊನ ಮನೆಯಲ್ಲಿ ಮೂರು ವರ್ಷ ಬೆಳೆದ. ಅವನನ್ನು ‘ಅಪ್ಪ’ ಅಂದ. ಒಕೊಂಕ್ವೊಗೂ ಒಳಗೊಳಗೆ ಅವನೆಂದರೆ ಅಕ್ಕರೆ. ತೋರಿಸಲಿಲ್ಲ ಅಷ್ಟೆ. ಹುಡುಗನನ್ನು ಕೊಲ್ಲಬೇಕೆಂದು ದೇವರ ಅಪ್ಪಣೆ ಆದಾಗ ಊರ ಹಿರಿಯ ಎಜೆಯುಡು ತಾನೇ ಬಂದು ಎಚ್ಚರಿಸುತ್ತಾನೆ: ಆ ಹುಡುಗ ನಿನ್ನನ್ನು ಅಪ್ಪ ಅನ್ನುತ್ತಾನೆ, ಅವನ ಸಾವಿಗೆ ನೀನು ಕೈ ಹಾಕಬೇಡ. ಗಮನಿಸು, ಹೋಗದೇ ಇರಲು ಹಿರಿಯರೇ ದಾರಿ ಕೊಟ್ಟಿದ್ದಾರೆ. ಮನೆಯಲ್ಲಿ ಉಳಿದಿದ್ದರೆ ಯಾವ ನ್ಯಾಯವೂ ಅವನನ್ನು ಕೇಳುತ್ತಿರಲಿಲ್ಲ. ಆದರೂ ಹೋದ.

ಕಾಡಿನ ದಾರಿ. ಹುಡುಗನ ತಲೆ ಮೇಲೆ ಹೆಂಡದ ಮಡಕೆ. ಅವ್ವ ಬದುಕಿದ್ದಾಳೋ ಇಲ್ಲವೋ ಅಂತ ಮನಸ್ಸಿನಲ್ಲೇ ಒಂದು ಹಾಡು ಹೇಳಿಕೊಂಡು, ಅದರ ತಾಳಕ್ಕೆ ಹೆಜ್ಜೆ ಹಾಕುತ್ತಿದ್ದಾನೆ. ಹಿಂದಿದ್ದವನು ಮಚ್ಚು ಎತ್ತುತ್ತಾನೆ. ಒಕೊಂಕ್ವೊ ಮುಖ ತಿರುಗಿಸುತ್ತಾನೆ. ಇಲ್ಲಿ ಒಂದು ನಿಮಿಷ ನಿಲ್ಲು. ಐದು ತಲೆ ತಂದವನು ಮುಖ ತಿರುಗಿಸಿದ. ಅಂದರೆ ಅವನಿಗೆ ನೋಡಲು ಆಗಲಿಲ್ಲ, ಅವನೊಳಗೆ ಒಬ್ಬ ಅಪ್ಪ ಇದ್ದ. ಏಟಿನ ಸದ್ದು. ಮಡಕೆ ಮರಳಿನ ಮೇಲೆ ಬಿದ್ದು ಒಡೆಯುತ್ತದೆ. ‘ಅಪ್ಪಾ, ನನ್ನನ್ನು ಕೊಂದರು’ ಅಂತ ಕೂಗುತ್ತಾ ಹುಡುಗ ಓಡಿ ಬರುವುದು ಇವನ ಕಡೆಗೇ. ಇವನು ಮಚ್ಚು ಎಳೆದು ಕಡಿದುಬಿಡುತ್ತಾನೆ. ಯಾಕೆ ಅಂತ ಮುಂದಿನ ಪುಟ್ಟ ವಾಕ್ಯದಲ್ಲಿದೆ. ಎಲ್ಲಿ ತನ್ನನ್ನು ದುರ್ಬಲ ಅಂದುಕೊಳ್ಳುತ್ತಾರೋ ಅನ್ನುವ ಭಯ.

ಇದನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಒಂದು ಸಲವೂ ಸಲೀಸಾಗಿ ದಾಟಲು ಆಗಿಲ್ಲ.

ಓಬವ್ವನ ಮಾತು ಎತ್ತಿದ್ದೀಯಲ್ಲ, ಅದು ಒಳ್ಳೆಯದಾಯಿತು. ಆ ಕಿಂಡಿ ನೀನು ನೋಡಿಯೇ ಇರುತ್ತೀಯ. ಒಬ್ಬರೇ ತೂರಿ ಬರುವಷ್ಟು ಸಂದು. ಕಾವಲಿನ ಗಂಡ ಊಟಕ್ಕೆ ಕೂತಿದ್ದಾನೆ, ಇವಳು ನೀರಿಗೆ ಬಂದಿದ್ದಾಳೆ, ಹೈದರಾಲಿಯ ಸೈನಿಕರ ಸದ್ದು ಕೇಳಿಸಿದೆ. ಅವಳಿಗೆ ಹೆದರಿಕೆ ಆಗಿರಲಿಲ್ಲ ಅಂತ ಹೇಗೆ ಹೇಳುವುದು? ಎದೆ ಹೊಡೆದುಕೊಂಡಿರುತ್ತದೆ. ಆದರೆ ಅವಳು ಒನಕೆ ಎತ್ತಿದ್ದು ಯಾರೋ ತನ್ನನ್ನು ಏನೋ ಅಂದುಕೊಂಡಾರು ಅಂತಲ್ಲ. ನೋಡುವವರು ಯಾರೂ ಇರಲೇ ಇಲ್ಲ ಅಲ್ಲಿ. ಕೋಟೆ ಉಳಿಯಬೇಕು, ಒಳಗಿನ ಜನ ಉಳಿಯಬೇಕು, ಅಷ್ಟೇ. ಒಕೊಂಕ್ವೊ ಮಚ್ಚು ಎತ್ತಿದ್ದು ಸುತ್ತ ನಿಂತ ಗಂಡಸರ ಕಣ್ಣಿಗಾಗಿ. ಇಬ್ಬರ ಕೈಯಲ್ಲೂ ಆಯುಧ ಇತ್ತು ಅಂತ ಒಂದೇ ತಕ್ಕಡಿಯಲ್ಲಿ ತೂಗಬೇಡ.

ಇನ್ನೊಂದು ವಿಷಯ. ಸೆಮಿನಾರುಗಳಲ್ಲಿ ಸಾಮಾನ್ಯವಾಗಿ ಇದನ್ನು ಬಿಟ್ಟುಬಿಡುತ್ತಾರೆ. ಒಕೊಂಕ್ವೊಗೆ ಇದ್ದದ್ದು ಒಂದು ಭಯ ಅಲ್ಲ, ಎರಡು. ಮಗಳು ಎಜಿನ್ಮಾ ಅವನ ಜೀವ. ಒಂದು ರಾತ್ರಿ ದೇವರು ಮೈಮೇಲೆ ಬಂದ ಪೂಜಾರಿಣಿ ಆ ಮಗುವನ್ನು ಬೆನ್ನ ಮೇಲೆ ಹೊತ್ತು ಗುಹೆಗೆ ಹೊರಡುತ್ತಾಳೆ. ತಾಯಿ ಎಕ್ವೆಫಿ ಕತ್ತಲಲ್ಲಿ ಹಿಂದೆಯೇ ಓಡುತ್ತಾಳೆ. ಒಕೊಂಕ್ವೊ? ‘ಗಂಡಸಿಗೆ ಒಪ್ಪುವಷ್ಟು’ ಹೊತ್ತು ಮನೆಯಲ್ಲಿ ಕಾಯುತ್ತಾನೆ. ಆಮೇಲೆ ಗುಹೆಗೆ ಹೋಗುತ್ತಾನೆ. ಯಾರೂ ಇಲ್ಲ, ಮನೆಗೆ ಬರುತ್ತಾನೆ. ಮತ್ತೆ ಹೋಗುತ್ತಾನೆ. ಹೀಗೆ ನಾಲ್ಕು ಸಲ. ನಾಲ್ಕನೇ ಸಲ ಗುಹೆಯ ಬಾಯಲ್ಲಿ ಹೆಂಡತಿ ಸಿಗುತ್ತಾಳೆ. ಆ ಹೊತ್ತಿಗೆ ಅವನಿಗೆ ಜೀವವೇ ಬಾಯಿಗೆ ಬಂದಿರುತ್ತದೆ. ಇದೂ ಭಯವೇ. ಆದರೆ ಇದು ಮಗಳಿಗಾಗಿ ಪಟ್ಟ ಭಯ. ಇನ್ನೊಂದು, ತನ್ನ ಹೆಸರಿಗಾಗಿ ಪಟ್ಟದ್ದು. ಪ್ರೀತಿಯಿಂದ ಹುಟ್ಟಿದ ಭಯಕ್ಕೆ ಅವನು ನಾಚಿಕೊಂಡ, ಮುಚ್ಚಿಟ್ಟ. ನಾಚಿಕೆಯಿಂದ ಹುಟ್ಟಿದ ಭಯ ಹೇಳಿದ ಹಾಗೆಲ್ಲ ಕೇಳಿದ. ನನ್ನ ಪ್ರಕಾರ ಅವನ ದುರಂತ ಇಲ್ಲಿದೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು, ರನ್ನ ನೆನಪಾಗದೇ ಇರಲು ಸಾಧ್ಯವಿಲ್ಲ. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನ ಭೀಮನ ಗರ್ಜನೆ ಕೇಳಿ ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’. ನೀರೊಳಗಿದ್ದೂ ಬೆವರಿದ. ಕೋಪಕ್ಕೆ ಬೆವರಿದ ಅಂತಲೇ ಹೇಳಿಕೊಡುತ್ತಿದ್ದೆ, ಪದ್ಯದಲ್ಲಿ ಕಣ್ಣು ಕೆಂಪಾದ ಮಾತೂ ಇದೆ. ಒಕೊಂಕ್ವೊನನ್ನು ಓದಿದ ಮೇಲೆ ಆ ಕೋಪದ ಅಡಿಯಲ್ಲಿ ಇನ್ನೇನಿತ್ತು ಅಂತ ಮಕ್ಕಳನ್ನೇ ಕೇಳತೊಡಗಿದೆ.

ಕೊನೆಯದಾಗಿ ಒಂದು. ಉನೋಕನಿಗೆ ಮೈ ಊದಿಕೊಳ್ಳುವ ಕಾಯಿಲೆ ಬಂತು. ಅಂಥವರನ್ನು ಹೂಳಿದರೆ ಭೂಮಿತಾಯಿಗೆ ಮೈಲಿಗೆ ಅಂತ ಕೆಟ್ಟ ಕಾಡಿನಲ್ಲಿ ಬಿಟ್ಟು ಬಂದರು. ಕೊಳಲು ಜೊತೆಗೆ ಒಯ್ದ. ಮಗ ನೇಣು ಹಾಕಿಕೊಂಡ. ಅದೂ ಭೂಮಿಗೆ ಮಾಡಿದ ಅಪಚಾರವೇ. ಊರವರು ಹೆಣ ಮುಟ್ಟುವ ಹಾಗಿಲ್ಲ, ಹೂಳಲು ಬೇರೆಯವರೇ ಬರಬೇಕು. ಅಪ್ಪನ ಹಾಗೆ ಆಗಬಾರದು ಅಂತ ಜೀವಮಾನವಿಡೀ ಓಡಿದವನಿಗೂ ತನ್ನವರ ಕೈಯ ಹಿಡಿ ಮಣ್ಣು ಸಿಗಲಿಲ್ಲ. ಅಪ್ಪನ ಹತ್ತಿರ ಕೊಳಲಾದರೂ ಇತ್ತು.

ಬಿಳಿಯರು ಬರದೇ ಇದ್ದಿದ್ದರೆ ಒಕೊಂಕ್ವೊ ಸಾಯುತ್ತಿರಲಿಲ್ಲ. ಎಲ್ಲ ತಪ್ಪನ್ನೂ ಅವನ ಸ್ವಭಾವಕ್ಕೆ ಕಟ್ಟಿದರೆ ಆಳಲು ಬಂದವರನ್ನು ಬಿಟ್ಟುಕೊಟ್ಟ ಹಾಗಾಗುವುದಿಲ್ಲವೇ?
– ನಿವೃತ್ತ ನೌಕರರು, ಹರಿಹರ

ಸರ್, ನಿಮ್ಮ ಸಿಟ್ಟು ನ್ಯಾಯವಾದದ್ದು. ಮಾತಾಡೋಣ ಬನ್ನಿ ಅಂತ ಒಕೊಂಕ್ವೊ ಸೇರಿ ಊರಿನ ಆರು ಜನ ಮುಖಂಡರನ್ನು ಕರೆಸಿ ಬೇಡಿ ಹಾಕಿದರು. ತಲೆ ಬೋಳಿಸಿದರು. 200 ಚೀಲ ಕವಡೆ ದಂಡ ಹೇರಿದರು. ಜವಾನರು ಅದನ್ನೇ 250 ಅಂತ ಊರಿಗೆ ಹೇಳಿ ಹೆಚ್ಚಿನದ್ದು ನುಂಗಿದರು. ಈ ಅವಮಾನಕ್ಕೆ ಒಕೊಂಕ್ವೊನ ಸ್ವಭಾವ ಕಾರಣ ಅಲ್ಲವೇ ಅಲ್ಲ. ಅವನ ಗೆಳೆಯ ಒಬಿಯೆರಿಕ ಕೊನೆಯಲ್ಲಿ ಬಿಳಿ ಅಧಿಕಾರಿಯ ಮುಖಕ್ಕೇ ಹೇಳುತ್ತಾನೆ: ಉಮೋಫಿಯದ ದೊಡ್ಡ ಮನುಷ್ಯರಲ್ಲಿ ಇವನೊಬ್ಬ, ಇವನು ಸಾಯುವ ಹಾಗೆ ಮಾಡಿದ್ದು ನೀವು, ಈಗ ನಾಯಿಯ ಹಾಗೆ ಹೂಳಬೇಕಾಗಿದೆ. ನನಗೆ ಆ ಮಾತಿನಲ್ಲಿ ಒಂದಕ್ಷರವೂ ಹೆಚ್ಚು ಅನ್ನಿಸಿಲ್ಲ.

ಆದರೆ ಒಂದು ಯೋಚನೆ ಮಾಡಿ. ಊರು ಒಡೆದದ್ದಕ್ಕೆ ಕಾರಣ ಬೇರೆ, ಒಕೊಂಕ್ವೊ ಒಬ್ಬನೇ ಉಳಿದದ್ದಕ್ಕೆ ಕಾರಣ ಬೇರೆ. ಕೊನೆಯ ಸಭೆಗೆ ಬರುವ ಮೊದಲೇ ಅವನು ನಿಶ್ಚಯ ಮಾಡಿಕೊಂಡಿದ್ದ. ಊರು ಯುದ್ಧ ಬೇಡ ಅಂದರೆ ತಾನೊಬ್ಬನೇ ಸೇಡು ತೀರಿಸಿಕೊಳ್ಳುತ್ತೇನೆ ಅಂತ. ಸಭೆ ನಡೆಯುತ್ತಿದೆ, ಜವಾನರು ಬಂದು ನಿಲ್ಲಿಸಿ ಅನ್ನುತ್ತಾರೆ, ಇವನ ಮಚ್ಚು ಎರಡು ಸಲ ಬೀಳುತ್ತದೆ. ಉಳಿದ ಜವಾನರನ್ನು ಜನ ಹಿಡಿಯುವುದಿಲ್ಲ. ‘ಯಾಕೆ ಹೀಗೆ ಮಾಡಿದ?’ ಅನ್ನುವ ಮಾತು ಅವನ ಕಿವಿಗೆ ಬೀಳುತ್ತದೆ. ಮಚ್ಚನ್ನು ಮರಳಿನಲ್ಲಿ ಒರೆಸಿಕೊಂಡು ಹೊರಟುಹೋಗುತ್ತಾನೆ. ಅಷ್ಟು ವರ್ಷ ಯಾರ ಕಣ್ಣಿಗಾಗಿ ಬದುಕಿದನೋ ಆ ಜನಕ್ಕೆ ಅವನು ಅರ್ಥವೇ ಆಗಲಿಲ್ಲ.

ಮಗ ನ್ವೋಯೆ ಚರ್ಚಿಗೆ ಸೇರಿದ್ದನ್ನೂ ನೋಡಿ. ಅವನನ್ನು ಎಳೆದದ್ದು ಅಲ್ಲಿಯ ವಾದ ಅಲ್ಲ, ಹಾಡು. ಅವಳಿ ಹುಟ್ಟಿದರೆ ಕೇಡು ಅಂತ ಊರವರು ಕಾಡಿನಲ್ಲಿ ಬಿಟ್ಟ ಕೂಸುಗಳ ಅಳು, ಅಣ್ಣನಂತಿದ್ದ ಇಕೆಮೆಫುನನ ಸಾವು, ಇವೆರಡೂ ಆ ಹುಡುಗನ ಎದೆಯಲ್ಲಿ ಗಾಯವಾಗಿ ಕೂತಿದ್ದವು. ಮನೆಯಲ್ಲಿ ಅದನ್ನು ಹೇಳಿಕೊಳ್ಳಲು ಜಾಗ ಇರಲಿಲ್ಲ. ಅಚಿಬೆ ಹುಟ್ಟಿದ್ದು 1930ರಲ್ಲಿ, ಅವರ ತಂದೆಯೇ ಚರ್ಚಿನ ಉಪದೇಶಕರು. ಎರಡೂ ಕಡೆಯನ್ನು ಮನೆಯೊಳಗಿಂದ ಕಂಡವರು ಅವರು. ಅದಕ್ಕೇ ಯಾರಿಗೂ ಪೂರ್ತಿ ಮಾಫಿ ಕೊಟ್ಟಿಲ್ಲ.

ಕಾದಂಬರಿಯಲ್ಲಿ ಗೆಣಸು ಬೆಳೆಯುವವನೇ ಗಂಡಸು ಅನ್ನುವ ಹಾಗೆ ಬರುತ್ತದಂತೆ. ನಮ್ಮಲ್ಲಿ ಗೆಣಸಿಗೆ ಯಾರು ಅಷ್ಟು ಮರ್ಯಾದೆ ಕೊಡ್ತಾರೆ?
– ರೈತರು, ಚಳ್ಳಕೆರೆ

ಇದು ನಮ್ಮ ಸಿಹಿಗೆಣಸು ಅಲ್ಲ, ಹೆಗ್ಗೆಣಸಿನ ಜಾತಿ. ಅವರಿಗೆ ಅದು ನಮ್ಮ ರಾಗಿ, ಜೋಳ ಇದ್ದ ಹಾಗೆ. ವರ್ಷದ ಊಟ, ಮನೆಯ ಘನತೆ ಎರಡೂ ಅದೇ. ಅದು ಗಂಡಸರ ಬೆಳೆ. ಕೆಸುವಿನ ಗೆಡ್ಡೆ, ಅವರೆಯಂಥ ಕಾಳು, ಮರಗೆಣಸು ಹೆಂಗಸರದ್ದು. ನಿಮಗೆ ಹತ್ತಿರ ಅನ್ನಿಸುವ ಭಾಗ ಒಂದಿದೆ. ಒಕೊಂಕ್ವೊ ಹುಡುಗನಿದ್ದಾಗ ಶ್ರೀಮಂತ ರೈತನೊಬ್ಬನ ಹತ್ತಿರ 800 ಬಿತ್ತನೆ ಗೆಡ್ಡೆ ತರುತ್ತಾನೆ, ಪಾಲಿಗೆ. ಆ ವರ್ಷ ಮೊದಲು ಮಳೆ ಕೈಕೊಡುತ್ತದೆ, ಆಮೇಲೆ ಒಂದೇ ಸಮನೆ ಸುರಿದು ಗೆಡ್ಡೆ ಕೊಚ್ಚಿಹೋಗುತ್ತವೆ. ಊರಲ್ಲಿ ಒಬ್ಬ ರೈತ ಮರಕ್ಕೆ ನೇಣು ಹಾಕಿಕೊಳ್ಳುತ್ತಾನೆ. ಆ ವರ್ಷ ಬದುಕಿ ಉಳಿದೆ ಅಂದ ಮೇಲೆ ಇನ್ನು ಏನು ಬಂದರೂ ಬದುಕ್ತೀನಿ ಅಂತ ಒಕೊಂಕ್ವೊ ಮುಂದೆ ಯಾವಾಗಲೂ ಹೇಳುತ್ತಿದ್ದ. ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಹಾಕಿ ಮುಗಿಲು ನೋಡುವವರಿಗೆ ಆ ಪುಟಗಳನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಕ್ಕ, ನನ್ನ ಮಗನಿಗೆ ಏಳು ವರ್ಷ. ಸಣ್ಣದಕ್ಕೂ ಕಣ್ಣೀರು ಹಾಕ್ತಾನೆ, ಕಥೆ ಕೇಳಿದರೂ ಅಳ್ತಾನೆ. ‘ಹೆಣ್ಣಿನ ಥರ ಅಳಬೇಡ’ ಅಂತ ಇವನ ಅಪ್ಪ ಹೊಡೀತಾರೆ. ನಿಮ್ಮ ಲೇಖನ ಓದಿ ಅವರಿಗೂ ಓದಿ ಹೇಳಿದೆ. ಸುಮ್ನೆ ಎದ್ದು ಹೋದರು. ನಾನು ಏನು ಮಾಡಲಿ?
– ಗೃಹಿಣಿ, ದಾವಣಗೆರೆ

ತಂಗಿ, ಮೊದಲು ನ್ವೋಯೆಯ ಒಂದು ವಿಷಯ ಹೇಳುತ್ತೇನೆ. ಅವನಿಗೆ ಇಷ್ಟ ಇದ್ದದ್ದು ಅವ್ವ ಹೇಳುವ ಆಮೆಯ ಕಥೆ, ಹಕ್ಕಿಯ ಕಥೆ. ಅಪ್ಪನಿಗೆ ಅದು ಹೆಂಗಸರ ಕಥೆ. ಹಾಗಾಗಿ ಅಪ್ಪನ ಯುದ್ಧದ ಕಥೆಗಳೇ ಇಷ್ಟ ಅಂತ ಹುಡುಗ ನಟಿಸುತ್ತಾನೆ. ಅಪ್ಪನಿಗೆ ಖುಷಿಯೋ ಖುಷಿ. ಮಗ ಗಟ್ಟಿಯಾದ ಅಂದುಕೊಳ್ಳುತ್ತಾನೆ. ನಿಮ್ಮ ಹುಡುಗ ಇನ್ನೂ ನಟಿಸಲು ಕಲಿತಿಲ್ಲ. ಅಳು ಬಂದರೆ ನಿಮ್ಮೆದುರೇ ಅಳುತ್ತಾನೆ. ಅದನ್ನು ಕಾಪಾಡಿಕೊಳ್ಳಿ. ಹೊಡೆತವನ್ನಂತೂ ನೀವು ಅಡ್ಡ ನಿಂತು ತಡೆಯಿರಿ, ಅದರಲ್ಲಿ ಎರಡು ಮಾತಿಲ್ಲ.

ಇನ್ನು ನಿಮ್ಮ ಯಜಮಾನರು. ಅವರು ಎದ್ದು ಹೋದದ್ದನ್ನು ಕೆಟ್ಟದ್ದು ಅಂದುಕೊಳ್ಳಬೇಡಿ. ಯಾಕೆ ಹೇಳುತ್ತೇನೆ ಅಂದರೆ ನಮ್ಮ ಅಪ್ಪನೂ ಹೀಗೇ ಎದ್ದು ಹೋಗುತ್ತಿದ್ದರು.

ನಮ್ಮ ತಾತ ನಾಟಕದ ಹುಚ್ಚಿನವರು. ಹಾರ್ಮೋನಿಯಂ ಬಾರಿಸುತ್ತಾ ಊರೂರು ತಿರುಗಿದರು. ಮನೆಯಲ್ಲಿ ಉದ್ರಿ ಬೆಳೆಯಿತು. ಅಪ್ಪನಿಗೆ ಹತ್ತು ವರ್ಷ ಇದ್ದಾಗ ಕಿರಾಣಿ ಅಂಗಡಿಯವರು ನಾಲ್ಕು ಜನರ ಎದುರಿಗೆ ಉದ್ರಿ ಪುಸ್ತಕ ತೆಗೆದು ತಾತನ ಲೆಕ್ಕ ಜೋರಾಗಿ ಓದಿದರಂತೆ. ಅವತ್ತಿನಿಂದ ಅಪ್ಪ ಜೀವಮಾನದಲ್ಲಿ ಉದ್ರಿ ತರಲಿಲ್ಲ. ಮಂಡಕ್ಕಿ ಭಟ್ಟಿ ಹಾಕಿದರು. ನಸುಕಿಗೇ ಎದ್ದು ಒಲೆ ಹೊತ್ತಿಸಿ, ಬಾಣಲೆಯಲ್ಲಿ ಮರಳು ಕಾಯಿಸಿ, ಅಕ್ಕಿ ಹುರಿದು, ಜರಡಿ ಹಿಡಿದು ನಮ್ಮನ್ನೆಲ್ಲ ಓದಿಸಿದರು. ಆದರೆ ಮನೆಯಲ್ಲಿ ಯಾರೂ ಹಾಡುವ ಹಾಗಿರಲಿಲ್ಲ. ನಮ್ಮಣ್ಣನಿಗೆ ತಾತನ ಕಂಠ ಬಂದಿತ್ತು. ಅವನು ಗುನುಗಿದರೂ ಅಪ್ಪನ ಮುಖ ಕಪ್ಪಾಗುತ್ತಿತ್ತು. ಹಾರ್ಮೋನಿಯಂ ಗುಜರಿಗೆ ಹೋಯಿತು. ಅಣ್ಣ ಹದಿನೇಳಕ್ಕೇ ಮನೆ ಬಿಟ್ಟ. ಆಮೇಲೆ ಅವರಿಬ್ಬರೂ ಎದುರು ಬದುರು ಕೂತು ಊಟ ಮಾಡಿದ್ದು ಬೆರಳೆಣಿಕೆಯಷ್ಟು ಸಲ.

ಬಹಳ ವರ್ಷ ನಾನು ಅಪ್ಪನನ್ನು ಕಲ್ಲಿನಂಥವರು ಅಂದುಕೊಂಡಿದ್ದೆ. ಆದರೆ ಒಂದು ರಾತ್ರಿ ಮಾತ್ರ ಮರೆತಿಲ್ಲ. ಅಣ್ಣನಿಗೆ ಹನ್ನೆರಡು, ನನಗೆ ಎಂಟು. ಅವನಿಗೆ ಟೈಫಾಯಿಡ್. ಹಗಲು ಅಪ್ಪ ‘ಏನೂ ಆಗಲ್ಲ, ಎದ್ದು ಓಡಾಡ್ಲಿ’ ಅಂದು ಭಟ್ಟಿಗೆ ಹೋದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಎದ್ದು ಬಂದರು. ನಾನು ಕಣ್ಣು ಮುಚ್ಚಿದ ಹಾಗೆ ಮಾಡಿದೆ. ಅಣ್ಣನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಮೂಗಿನ ಬಳಿ ಕೈ ಹಿಡಿದರು. ಅಂಗೈ ಅಲ್ಲ. ಕೈ ತಿರುಗಿಸಿ ಮುಂಗೈ ಹಿಡಿದರು. ಬಿಸಿ ಮರಳಿನಲ್ಲಿ ಆಡಿ ಆಡಿ ಅವರ ಅಂಗೈ ದಡ್ಡುಗಟ್ಟಿ ಹೋಗಿತ್ತು. ಉಸಿರು ಬಿಸಿಯೋ ತಣ್ಣಗೋ ಅಂತ ಅದಕ್ಕೆ ತಿಳಿಯುತ್ತಿರಲಿಲ್ಲ. ಬೆಳಗಾಗುವವರೆಗೆ ಮೂರು ಸಲವೋ ನಾಲ್ಕು ಸಲವೋ ಹಾಗೆ ಬಂದರು.

ಇದನ್ನು ಅಣ್ಣನಿಗೆ ನಾನು ಹೇಳಿದ್ದು ಅಪ್ಪ ತೀರಿಕೊಂಡ ಹದಿಮೂರನೇ ದಿನ. ‘ಮೊದಲೇ ಹೇಳಬಾರದಿತ್ತಾ’ ಅಂದ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿಮ್ಮ ಯಜಮಾನರ ಹತ್ತಿರ ಕಾದಂಬರಿ ಮಾತು ಬೇಡ. ಅವರು ಚಿಕ್ಕವರಿದ್ದಾಗ ಯಾರು ಏನಂದಿದ್ದರು ಅಂತ ಒಮ್ಮೆ ಕೇಳಿ. ಊಟ ಆದ ಮೇಲೆ, ಮಗ ಮಲಗಿದ ಮೇಲೆ ಕೇಳಿ. ಹೇಳದಿದ್ದರೆ ಬಿಡಿ, ಇನ್ನೊಂದು ದಿನ ಕೇಳಿ. ರಾತ್ರಿ ಅವರು ಮಗನ ಹೊದಿಕೆ ಸರಿಮಾಡುವುದು ಕಂಡರೆ, ಬೆಳಗ್ಗೆ ಎದ್ದ ಕೂಡಲೇ ಅದನ್ನು ಮಗನಿಗೆ ಹೇಳಿಬಿಡಿ.